ಹಳೆಯ ಯೆಜ್ಡಿಯ ಮುಂದಿನ ಬ್ರೇಕ್ ಶೂ ಬದಲಿಸುವ ಬಗೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇಂದಿಗೂ ರಸ್ತೆಯ ಮೇಲಿವೆ. ಇವುಗಳ ಮುಂದಿನ ಚಕ್ರಕ್ಕಿರುವುದು ಡ್ರಮ್ ಬ್ರೇಕ್: ಬ್ರೇಕ್ ಪ್ಲೇಟಿನ ಮೇಲೆ ಕೂತ ಕಮಾನಿನಾಕಾರದ ಎರಡು ಶೂಗಳು ಲಿವರ್ ಒತ್ತಿದಾಗ ಅಗಲಿ, ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿಕೊಂಡು ಚಕ್ರವನ್ನು ನಿಲ್ಲಿಸುತ್ತವೆ. ಟೂ ಸ್ಟ್ರೋಕ್ ಎಂಜಿನ್ ಆಕ್ಸಿಲರೇಟರ್ ಬಿಟ್ಟಾಗ ಗಾಡಿಯ ವೇಗವನ್ನು ಅಷ್ಟಾಗಿ ತಗ್ಗಿಸದ ಕಾರಣ, ಗಾಡಿ ನಿಲ್ಲಿಸುವ ಹೊಣೆಯೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಹೊಸ ಶೂ ಹಾಕಿದ ಮೇಲೂ ಬ್ರೇಕ್ ಹಿಡಿಯುತ್ತಿಲ್ಲವೆಂಬ ದೂರಿಗೆ ಬಹುಪಾಲು ಕಾರಣ ಶೂಗಳಲ್ಲ, ಅವನ್ನು ಡ್ರಮ್ಮಿನ ನಟ್ಟನಡುವೆ ಕೂರಿಸದಿರುವುದು ಎಂಬುದು ನನ್ನ ಅಭಿಪ್ರಾಯ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಗಟ್ಟಿಯಾದ ಮರದ ತುಂಡು ಕೊಟ್ಟು, ಮುಂದಿನ ಚಕ್ರ ನೆಲದಿಂದ ಮೇಲೇಳುವಂತೆ ಮಾಡಬೇಕು. ಕೇಬಲ್ ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿ, ಬ್ರೇಕ್ ಆರ್ಮಿನಿಂದ (ಪ್ಲೇಟಿನ ಹೊರಗೆ ಕೇಬಲ್ ಎಳೆಯುವ ಸಣ್ಣ ತೋಳು) ಕೇಬಲ್ ಬಿಡಿಸಿ, ಆಕ್ಸಲ್ ನಟ್ ಹಾಗೂ ಫೋರ್ಕಿನ ತುದಿಯಲ್ಲಿ ಆಕ್ಸಲನ್ನು ಹಿಡಿದಿರುವ ಬೋಲ್ಟ್ ಸಡಿಲಿಸಿದರೆ ಚಕ್ರ ಕೆಳಗಿಳಿಯುತ್ತದೆ. ಬ್ರೇಕ್ ಪ್ಲೇಟ್ ತಿರುಗದಂತೆ ಅದನ್ನು ಫೋರ್ಕಿಗೆ ಹಿಡಿದಿರುವ ಭಾಗ ಯಾವುದೆಂಬುದನ್ನು ಆಗಲೇ ಚೆನ್ನಾಗಿ ನೋಡಿಟ್ಟುಕೊಳ್ಳಿ.

ಪ್ಲೇಟನ್ನು ಹೊರತೆಗೆದಾಗ ಕಾಣುವ ಕಪ್ಪು ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬಾರದು. ಹಳೆಯ ಲೈನರುಗಳಲ್ಲಿ, ಅಂದರೆ ಡ್ರಮ್ಮಿಗೆ ಉಜ್ಜುವ ಶೂವಿನ ಮೇಲಿನ ಪಟ್ಟಿಗಳಲ್ಲಿ, ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಅಪಾಯ. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬೇಕು.

ರಿವೆಟ್ ಹೊಡೆದ ಲೈನರಾಗಿದ್ದರೆ ರಿವೆಟ್ಟಿನ ತಲೆ ಡ್ರಮ್ಮಿಗೆ ತಾಗುವ ಮೊದಲೇ ಬದಲಿಸಬೇಕು. ಗ್ರೀಸಾಗಲಿ ಫೋರ್ಕ್ ಆಯಿಲಾಗಲಿ ಹೀರಿಕೊಂಡ ಲೈನರ್ ಎಷ್ಟೇ ದಪ್ಪವಿದ್ದರೂ ಅದನ್ನು ಉಳಿಸಿಕೊಳ್ಳಬಾರದು. ಜೊತೆಗೆ ಸೋರುತ್ತಿರುವ ಸೀಲನ್ನೂ ಬದಲಿಸದಿದ್ದರೆ ಹೊಸ ಲೈನರಿಗೂ ಅದೇ ಗತಿ. ಡ್ರಮ್ಮಿನ ಒಳಮೈಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರುಗಳಿದ್ದರೆ ಲೇತಿನಲ್ಲಿ ಸಮ ಮಾಡಿಸುವುದು ಒಳ್ಳೆಯದು. ಕಂಪನಿಯ ಹಳೆಯ ಶೂಗಳು ಬಿರುಕಿಲ್ಲದೆ ನೇರವಾಗಿದ್ದರೆ ಅವನ್ನೆಸೆಯದೆ ಹೊಸ ಲೈನರ್ ಹಾಕಿಸುವುದೇ ಲೇಸು. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಶೂಗಳು ಎಷ್ಟೋ ಸಲ ಡ್ರಮ್ಮಿನ ದುಂಡಿಗೆ ಹೊಂದುವುದಿಲ್ಲ.

ಎರಡೂ ಶೂಗಳನ್ನು ಪುಸ್ತಕ ಮುಚ್ಚುವಂತೆ ಒಳಕ್ಕೆ ಮಡಿಸಿದರೆ ಸ್ಪ್ರಿಂಗ್ ಸಮೇತ ಕಳಚಿಕೊಳ್ಳುತ್ತವೆ. ಶೂಗಳನ್ನು ಅಗಲಿಸುವ ಕ್ಯಾಮಿನ ಮೇಲೆ ಆರ್ಮ್ ಯಾವ ಕೋನದಲ್ಲಿತ್ತೆಂದು ಗುರುತು ಹಾಕಿ, ಕ್ಯಾಮ್ ಹೊರತೆಗೆದು ತುಕ್ಕನ್ನು ಉಜ್ಜಿ, ಅದಕ್ಕೂ ಶೂ ತಿರುಗುವ ಪಿನ್ನಿಗೂ ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಬೇಕು. ಹೆಚ್ಚಾದ ಗ್ರೀಸ್ ಕಾದು ಲೈನರಿಗೇ ಹರಿಯುತ್ತದೆ. ಹಿಗ್ಗಿದ ಸ್ಪ್ರಿಂಗುಗಳನ್ನು ಬದಲಿಸಿ, ಹೊಸ ಲೈನರಿನ ಚೂಪಾದ ಅಂಚುಗಳನ್ನು ಅರದಿಂದ ಸ್ವಲ್ಪ ಇಳಿಜಾರಾಗಿಸಿದರೆ ಕಿರ್ರೆನ್ನುವ ಸದ್ದೂ ಬ್ರೇಕ್ ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುವುದೂ ಕಡಿಮೆಯಾಗುತ್ತವೆ.

ಚಕ್ರವನ್ನು ಮರಳಿ ಕೂರಿಸುವಾಗ ಬ್ರೇಕ್ ಪ್ಲೇಟ್ ಫೋರ್ಕಿಗೆ ಸಿಕ್ಕಿಕೊಂಡಿದೆಯೇ ಎಂದು ಕಣ್ಣಾರೆ ನೋಡಲೇಬೇಕು. ಅದು ತಪ್ಪಿದರೆ ಬ್ರೇಕ್ ಹಿಡಿದ ಕೂಡಲೇ ಪ್ಲೇಟೂ ಚಕ್ರದೊಡನೆ ತಿರುಗಿ, ಕೇಬಲ್ ಕಿತ್ತು, ಚಕ್ರ ಸಿಕ್ಕಿಕೊಂಡು ಸವಾರನನ್ನು ಬೀಳಿಸಬಹುದು. ಕೇಬಲ್ ಸೇರಿಸಿ, ಆಕ್ಸಲ್ ನಟ್ಟನ್ನು ಅರೆಬಿಗಿಯಲ್ಲಿಟ್ಟು, ಚಕ್ರ ತಿರುಗಿಸಿ ಲಿವರನ್ನು ಬಲವಾಗಿ ಒತ್ತಿಹಿಡಿಯಿರಿ. ಶೂಗಳು ಡ್ರಮ್ಮಿಗೆ ಒತ್ತಿಕೊಂಡು ಪ್ಲೇಟನ್ನು ತಾವೇ ನಡುವಿಗೆ ತರುತ್ತವೆ. ಲಿವರ್ ಬಿಡದೆ ಇನ್ನೊಬ್ಬರಿಂದ ನಟ್ ಬಿಗಿ ಮಾಡಿಸಬೇಕು. ಆಮೇಲೆ ಮರದ ತುಂಡು ತೆಗೆದು, ಗಾಡಿಯನ್ನು ಸ್ಟ್ಯಾಂಡಿನಿಂದಿಳಿಸಿ, ಫೋರ್ಕನ್ನು ಕೆಲವು ಸಲ ಕೆಳಗೊತ್ತಿ ಬಿಟ್ಟು, ಕೊನೆಗೆ ಫೋರ್ಕಿನ ತುದಿಯ ಬೋಲ್ಟನ್ನು ಬಿಗಿಯಬೇಕು.

ಲಿವರ್ ಬಿಟ್ಟಾಗ ಚಕ್ರ ಸಲೀಸಾಗಿ ತಿರುಗಬೇಕು. ಬ್ರೇಕ್ ಹಿಡಿದಾಗ ಆರ್ಮಿಗೂ ಕೇಬಲ್ಲಿಗೂ ನಡುವಿನ ಕೋನ 90 ಡಿಗ್ರಿ ಮೀರಬಾರದು, ಮೀರಿದರೆ ಲಿವರಿನ ಬಲ ವ್ಯರ್ಥವಾಗುತ್ತದೆ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಮೆಲ್ಲಗೆ ಬ್ರೇಕ್ ಹಿಡಿಯುತ್ತ, ನಡುನಡುವೆ ಡ್ರಮ್ ತಣಿಯಲು ಬಿಟ್ಟು ಓಡಿಸಬೇಕು. ಚಾಮುಂಡಿ ಬೆಟ್ಟದಂಥ ಇಳಿಜಾರಿಗೆ ಅಷ್ಟರೊಳಗೆ ಹೋಗುವುದು ಬೇಡ. ಲೈನರ್ ಹೊಂದಿಕೊಂಡ ಮೇಲೆ ಲಿವರ್ ಸ್ವಲ್ಪ ಸಡಿಲವಾಗುವುದು ಸಹಜವಾದ್ದರಿಂದ ಕೇಬಲ್ಲನ್ನು ಮತ್ತೊಮ್ಮೆ ಹೊಂದಿಸಿ, ಆಕ್ಸಲ್ ನಟ್ಟಿನ ಬಿಗಿಯನ್ನೂ ಪರೀಕ್ಷಿಸಬೇಕು.