ಹೊಸದಾಗಿ ಮದುವೆಯಾಗಿ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಿರೋರಿಗೆ

ಒಬ್ರಿಗೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಬ್ರಿಗೆ ಮೆಜೆಸ್ಟಿಕ್ ಕಡೆ ಕೆಲಸ ಇದ್ರೆ ಜಯನಗರ, ಬನಶಂಕರಿ ಸುತ್ತ ನೋಡಿ, 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಓಡ್ತಿದೆ, ಮೆಜೆಸ್ಟಿಕ್‌ಗೆ ಹೋಗೋ ಹಸಿರು ಲೈನೂ ಆರ್.ವಿ. ರಸ್ತೆಲೇ ಸಿಗುತ್ತೆ, ಸಿಲ್ಕ್ ಬೋರ್ಡ್ ಜಾಮಲ್ಲಿ ಒದ್ದಾಡೋದು ತಪ್ಪುತ್ತೆ. ಬಾಡಿಗೆ ಜಾಸ್ತಿನೇ, ಆದ್ರೂ ಮುಂದೆ ಮಗು ಆದ್ಮೇಲೆ ಅದು ಮಲಗೋದ್ರೊಳಗೆ ಇಬ್ರೂ ಮನೆ ಸೇರೋದು ದೊಡ್ಡದು ಕಣ್ರೀ.

ಮನೆ ನೋಡೋಕೆ ಭಾನುವಾರ ಹೋಗ್ಬೇಡಿ, ವಾರದ ಮಧ್ಯೆ ಬೆಳಿಗ್ಗೆ 9ಕ್ಕೆ ಹೋಗಿ, ಸ್ಟೇಷನ್‌ವರೆಗೂ ನಡೆದು ನೋಡಿ, ಬಸುರಿ ಹೆಂಗಸು ನಡೆಯೋ ಥರ ಫುಟ್‌ಪಾತ್ ಇದ್ಯಾ ಅಂತ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬಿಡ್ತಾರೆ ಅಂತ ಓನರ್‌ನ ಅಲ್ಲ, ಪಕ್ಕದ ಮನೆಯವ್ರನ್ನ ಕೇಳಿ, ಬಾಣಂತಿ ಇರೋ ಮನೇಲಿ ಟ್ಯಾಂಕರ್ ಕಾಯ್ಕೊಂಡು ಕೂರೋಕಾಗಲ್ಲ. ಲಿಫ್ಟ್ ಇಲ್ದಿರೋ ಮೂರನೇ ಮಹಡಿ ಅಂತೂ ಬೇಡವೇ ಬೇಡ.