ಬೆಣ್ಣೆದೋಸೆಯ ಊರಿನಲ್ಲಿ ಎಣ್ಣೆಯ ಲೆಕ್ಕ

ನಮ್ಮನೆಯವರಿಗೆ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿದ ಮೇಲೆ ನೋಡಲು ಬಂದವರೆಲ್ಲ ಕೇಳಿದ್ದು, 'ಈಗ ಯಾವ ಎಣ್ಣೆ ತರ್ತೀರಿ?' ನನ್ನ ತವರು ಚಳ್ಳಕೆರೆ, ಎಣ್ಣೆ ಮಿಲ್ಲುಗಳ ಊರು. ಶೇಂಗಾ ಎಣ್ಣೆಯ ಘಮದಲ್ಲೇ ಬೆಳೆದವಳು ನಾನು. ಆದರೂ ಹೇಳುತ್ತೇನೆ: ಎಣ್ಣೆಯ ಹೆಸರಿಗಿಂತ, ಏನನ್ನು ಬಿಟ್ಟು ಅದರ ಜಾಗಕ್ಕೆ ಏನನ್ನು ತಂದಿರಿ ಅನ್ನುವುದೇ ದೊಡ್ಡದು.

ರಕ್ತನಾಳದ ಕಾಯಿಲೆ ಪೈಪಿನೊಳಗೆ ಜಿಡ್ಡು ಮೆತ್ತಿಕೊಂಡ ಹಾಗಲ್ಲ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಕಣಗಳು ನಾಳದ ಗೋಡೆಯೊಳಕ್ಕೆ ನುಸುಳಿ, ಸಿಕ್ಕಿಬಿದ್ದು ಕೆಡುತ್ತವೆ. ತೆಗೆಯಲು ಬಂದ ಬಿಳಿ ರಕ್ತಕಣಗಳು ಅವನ್ನು ನುಂಗಿ, ಉಬ್ಬಿ, ಅಲ್ಲೇ ಉಳಿಯುತ್ತವೆ. ಉರಿಯೂತ, ಅಂದರೆ ರಕ್ಷಣೆಗೆಂದು ದೇಹ ಕೆರಳುವುದು, ಬೆಳೆಯುವುದು ಹೀಗೆ; ಗೋಡೆಯಲ್ಲಿ ಗಂಟು ಕಟ್ಟುವುದೂ ಹೀಗೆ. ಆ ಗಂಟಿನ ಮೇಲ್ಪದರ ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ. 2017ರ ಕ್ಯಾಂಟೋಸ್ ಅಧ್ಯಯನದಲ್ಲಿ ಎಲ್‌ಡಿಎಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದ ಔಷಧಿ ಕೂಡ ಹೃದಯಾಘಾತಗಳನ್ನು ಕಡಿಮೆ ಮಾಡಿತು. ಹಾಗಂತ ಎಲ್‌ಡಿಎಲ್ ಮರೆಯುವಂತಿಲ್ಲ, ಕಿಡಿ ಅದೇ.

ಎಲ್‌ಡಿಎಲ್ ಏರಿಸುವುದು ಬೆಣ್ಣೆ, ತುಪ್ಪದಂಥವುಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು. ಬೆಣ್ಣೆಯ ತೂಕದಲ್ಲಿ ಸುಮಾರು ಅರ್ಧ ಅದೇ. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಸುಮಾರು 22 ಗ್ರಾಂ. ಮೂರು ದೊಡ್ಡ ಚಮಚ ಬೆಣ್ಣೆಗೆ ಅದು ಮುಗಿಯಿತು. ದಾವಣಗೆರೆಯಲ್ಲಿದ್ದು ಬೆಣ್ಣೆದೋಸೆ ತಿನ್ನಲೇಬೇಡಿ ಅನ್ನಲು ನನಗೆ ಮನಸ್ಸಿಲ್ಲ. ಅದು ಹಬ್ಬಕ್ಕಿರಲಿ. ಮನೆಯ ಕಾವಲಿಗೆ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ ಸವರಿ, ತೆಳ್ಳಗೆ. ಬೆಣ್ಣೆ ಬಿಟ್ಟು ಆ ಜಾಗಕ್ಕೆ ಮೈದಾ ಬಿಸ್ಕತ್ತು ತಂದರೆ ಲಾಭವಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿರುವ ಒಮೆಗಾ-6 ಎಂಬ ಕೊಬ್ಬು ಉರಿಯೂತ ಹೆಚ್ಚಿಸುತ್ತದೆ ಎಂದು ಹೆದರಿಸುವವರಿದ್ದಾರೆ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹಾಗೆ ಕಂಡಿಲ್ಲ.

ಡಾಲ್ಡಾ ಥರದ ವನಸ್ಪತಿಯನ್ನು ಮಾತ್ರ ಮನೆಗೆ ತರಲೇಬೇಡಿ. ಎಣ್ಣೆಯನ್ನು ಗಟ್ಟಿ ಮಾಡುವಾಗ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಇಳಿಸಿ, ಉರಿಯೂತವನ್ನೂ ಕೆರಳಿಸುತ್ತದೆ. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದಕ್ಕೆ ಶೇ. 2ರ ಮಿತಿ ಇದೆ. ಮಿತಿ ಬಂದರೂ ವನಸ್ಪತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಧಾರಾಳವಾಗಿ ಉಳಿದಿರುತ್ತದೆ.

ಮಂಡಕ್ಕಿ ಜತೆ ಮಿರ್ಚಿ ಬೇಕೆನಿಸಿದಾಗ ಮನೆಯಲ್ಲೇ ಕರಿಯಿರಿ, ಚಿಕ್ಕ ಬಾಣಲೆಯಲ್ಲಿ, ಸ್ವಲ್ಪವೇ ಎಣ್ಣೆಯಲ್ಲಿ. ಉಳಿದದ್ದನ್ನು ಸೋಸಿ ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಕಪ್ಪಾದ, ಅಂಟಂಟಾದ ಎಣ್ಣೆಗೆ ಹೊಸದನ್ನು ಬೆರೆಸಬೇಡಿ. ಒಬ್ಬೊಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ, ನಮ್ಮ ಅಡುಗೆಮನೆಯ ಲೆಕ್ಕ ಇದು.

ಊಟಕ್ಕೆ ಅಗಸೆ ಚಟ್ನಿಪುಡಿ ಇರಲಿ, ಅದರಲ್ಲಿ ಸಸ್ಯಮೂಲದ ಒಮೆಗಾ-3 ಎಂಬ ಕೊಬ್ಬು ಇದೆ. ಇಡೀ ಕಾಳು ಜೀರ್ಣವಾಗದೆ ಹೋಗುತ್ತದೆ, ಪುಡಿ ಮಾಡಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಚಿಟಿಕೆ ಉಪ್ಪಿನೊಂದಿಗೆ ತರಿತರಿಯಾಗಿ ಕುಟ್ಟಿ. ಬೇಗ ಕಮಟು ಹಿಡಿಯುತ್ತದೆ, ಒಂದೇ ವಾರಕ್ಕಾಗುವಷ್ಟು ಮಾಡಿ ಫ್ರಿಜ್ಜಿನಲ್ಲಿಡಿ. ಇಷ್ಟೆಲ್ಲ ಮಾಡಿದರೂ ಕೊಲೆಸ್ಟರಾಲ್ ಇಳಿಸಲು ಡಾಕ್ಟರ್ ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.