ಅವ್ವನ ಕೌದಿಯಿಂದ ಆಫೀಸಿನ ಗದ್ದಲ ಇಳಿಯಿತು

ಬೆಳಗಾವಿಯ ಖಡೇಬಜಾರ್ ಹತ್ತಿರ, ಮೊದಲ ಮಹಡಿಯಲ್ಲಿ ನಮ್ಮ ಲೆಕ್ಕಪತ್ರದ ಆಫೀಸು. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ಕೆಲಸ ಜಾಸ್ತಿ. ಕೆಳಗೆ ಹಾರ್ನ್, ಒಳಗೆ ಫೋನು. ಕೂಡಿಸುತ್ತಿದ್ದ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು.

ಸುಮ್ನೆ ಕಿಟಕಿ ಮುಚ್ಚಿದರೆ ಉಪಯೋಗವಾಗಲಿಲ್ಲ. ಒಂದು ದಿನ ಚೌಕಟ್ಟಿನ ಸುತ್ತ ಅಂಗೈ ಹಿಡಿದು ನೋಡಿದೆ. ಸಂದಿಯಲ್ಲಿ ತಣ್ಣನೆ ಗಾಳಿ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತದೆ, ಅಲ್ವಾ? ರಬ್ಬರ್ ಪಟ್ಟಿ ತಂದು ಸುತ್ತಲೂ ಅಂಟಿಸಿದೆ. ಹಾರ್ನ್ ಪೂರ್ತಿ ನಿಲ್ಲಲಿಲ್ಲ, ಆದರೆ ಅದರ ಮೊನಚು ಹೋಯಿತು.

ಒಳಗಿನ ಗದ್ದಲವೇ ಬೇರೆ. ಟೈಲ್ಸ್ ನೆಲ, ಬರೀ ಗೋಡೆ. ಒಬ್ಬರು ಮಾತಾಡಿದರೆ ನಾಲ್ಕು ಜನ ಮಾತಾಡಿದ ಹಾಗೆ ಗುಂಯ್ ಅನ್ನುತ್ತಿತ್ತು. ಅವ್ವ ಹಳೇ ಇಳಕಲ್ ಸೀರೆಗಳಿಂದ ಹೊಲಿದ ಎರಡು ದಪ್ಪ ಕೌದಿ ತಂದು ಗೋಡೆಗೆ ತೂಗುಹಾಕಿದೆ. ಗೋಡೆಗೆ ತಾಗಿಸದೆ ಎರಡು ಬೆರಳು ಜಾಗ ಬಿಟ್ಟೆ. ಹಾಗೆ ಬಿಟ್ಟರೆ ಬಟ್ಟೆ ಸದ್ದನ್ನು ಇನ್ನೂ ಚೆನ್ನಾಗಿ ಹೀರುತ್ತದೆ. ಆ ಕೆಂಪು ಸೆರಗಿನ ತುಂಡುಗಳನ್ನು ನೋಡಿದರೆ ಮನಸ್ಸಿಗೂ ಹಿತ.

ಬೆಳಿಗ್ಗೆ 11ರಿಂದ 1ರವರೆಗೆ ಫೋನು ಸೈಲೆಂಟ್ ಇಡೋಣ ಅಂದೆ. "ಗಿರಾಕಿ ಸಿಟ್ಟಿಗೇಳ್ತಾರ ತಂಗೀ" ಅಂದರು ನಮ್ಮ ಹಿರಿಯರು. ಅದೂ ನಿಜ. ಈಗ ಆ ಹೊತ್ತಿನಲ್ಲಿ ದಿನಕ್ಕೊಬ್ಬರು ಸರದಿ ಮೇಲೆ ಹೊರಗಿನ ಮೆಟ್ಟಿಲ ಹತ್ತಿರ ಕೂತು ಎಲ್ಲರ ಕರೆ ತಗೊಳ್ಳುತ್ತೇವೆ.